ಗುಜರಿಗೆ ಕೊಟ್ಟ ಕಾರು

ಕಪಿಲಾ ನದಿಯ ದಂಡೆಯಲ್ಲಿ ಚೆನ್ನಮಲ್ಲಯ್ಯನವರ ಆಶ್ರಮವಿತ್ತು. ಮೂರು ಕೋಣೆ, ಒಂದು ಜಗಲಿ, ಒಂದು ಹಳೆಯ ಕಾರು.

ಕಾರಿಗೆ ಇಪ್ಪತ್ತನಾಲ್ಕು ವರ್ಷ. ಹಿಂದಿನ ಗುರುಗಳಿಗೆ ಭಕ್ತರೊಬ್ಬರು ಕೊಟ್ಟ ಡೀಸೆಲ್ ಗಾಡಿ. ಹೊಳೆಯ ಆಚೀಚೆ ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ ಅದೇ ಹೋಗಬೇಕಿತ್ತು. ಪಟ್ಟಣದ ಆಸ್ಪತ್ರೆ ಹದಿನಾಲ್ಕು ಕಿಲೋಮೀಟರ್ ದೂರ.

ಓಡಿಸುತ್ತಿದ್ದವನು ಶಿಷ್ಯ ಶಿವಬಸಪ್ಪ. ಆಶ್ರಮ ಸೇರುವ ಮೊದಲು ಮೆಕ್ಯಾನಿಕ್ ಆಗಿದ್ದ. ಶಾಸ್ತ್ರ ಕಲಿಯಲು ಬಂದವನು ಅರ್ಧ ದಿನ ಕಾರಿನ ಕೆಳಗೇ ಮಲಗಿರುತ್ತಿದ್ದ. ಗುರುಗಳು ಒಮ್ಮೆಯೂ ಬೇಡ ಎಂದವರಲ್ಲ.

ಒಂದು ಬೆಳಿಗ್ಗೆ ಅವನು ಪತ್ರಿಕೆ ಹಿಡಿದುಕೊಂಡು ಬಂದ.

"ಬುದ್ಧಿ, ಸರ್ಕಾರದ್ದು ಒಂದು ಯೋಜನೆ ಬಂದಿದೆ. ಹಳೆಯ ಗಾಡಿಯನ್ನು ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಒಂದು ಪ್ರಮಾಣಪತ್ರ ಕೊಡುತ್ತಾರಂತೆ. ಅದನ್ನು ತೋರಿಸಿದರೆ ಹೊಸ ಕಾರಿನ ಬೆಲೆಯಲ್ಲೂ ರಿಯಾಯಿತಿ, ರಸ್ತೆ ತೆರಿಗೆಯಲ್ಲೂ ರಿಯಾಯಿತಿ."

"ಹಳೆಯದನ್ನು ಏನು ಮಾಡುತ್ತಾರೆ?"

"ಬಿಚ್ಚಿ, ಜಜ್ಜಿ, ಕಬ್ಬಿಣಕ್ಕೆ ಹಾಕುತ್ತಾರೆ."

"ಓಡುವ ಗಾಡಿಯನ್ನೂ?"

"ಓಡುವುದನ್ನೂ. ಹಳೆಯವು ಎಣ್ಣೆ ಜಾಸ್ತಿ ಕುಡಿಯುತ್ತವೆ, ಹೊಗೆ ಜಾಸ್ತಿ ಬಿಡುತ್ತವೆ ಅಂತ."

"ನಮ್ಮದು?"

ಮನೆಯವರ ಮೇಲೇ ಯಾರೋ ದೂರು ಹೇಳಿದಂತಾಯಿತು ಶಿವಬಸಪ್ಪನಿಗೆ.

"ಒಂಚೂರು ಹೊಗೆ ಇದೆ ಬುದ್ಧಿ. ಆದರೆ ಇಂಜಿನ್ ಗಟ್ಟಿ. ನನ್ನ ಕೈಯಲ್ಲಿ ಇನ್ನೂ ಹತ್ತು ವರ್ಷ ಓಡುತ್ತದೆ. ಓಡುವುದನ್ನು ಜಜ್ಜಿ ಹಾಕುವುದು ಪಾಪವಲ್ಲವೇ?"

"ನನಗೆ ಗೊತ್ತಿಲ್ಲ. ನಾಳೆ ಪಟ್ಟಣಕ್ಕೆ ಹೋಗುವುದಿದೆಯಲ್ಲ, ನೋಡೋಣ" ಎಂದರು ಗುರುಗಳು.

ಮರುದಿನ ಶಿವಬಸಪ್ಪ ಕಾರಿನ ಬಾಗಿಲು ತೆರೆದು ನಿಂತ. ಗುರುಗಳು ಹತ್ತಲಿಲ್ಲ.

"ನೀನು ಮುಂದೆ ಹೋಗು. ನಾನು ಹಿಂದೆ ನಡೆದು ಬರುತ್ತೇನೆ."

"ಹದಿನಾಲ್ಕು ಕಿಲೋಮೀಟರ್ ಬುದ್ಧಿ!"

"ಅದಕ್ಕೇ, ನಿಧಾನವಾಗಿ ಹೋಗು."

ಗುರುವಿನ ಮಾತು ಮೀರುವಂತಿರಲಿಲ್ಲ. ಶಿವಬಸಪ್ಪ ಮೊದಲನೇ ಗೇರಿನಲ್ಲಿ ಹೊರಟ. ಕನ್ನಡಿಯಲ್ಲಿ ಗುರುಗಳು ಕಾಣುತ್ತಿದ್ದರು. ಕಾರಿಗೆ ಹತ್ತೇ ಹೆಜ್ಜೆ ಹಿಂದೆ. ಮೊದಲು ಕಣ್ಣು ಒರೆಸಿಕೊಂಡರು. ಆಮೇಲೆ ಕೆಮ್ಮಿದರು. ಮೈಲಿಕಲ್ಲು ದಾಟಿ ರಸ್ತೆ ಏರಿನತ್ತ ತಿರುಗಿತು. ಇಂಜಿನ್ ತಿಣುಕಿತು. ಕನ್ನಡಿಯ ತುಂಬ ಕಪ್ಪು ಹೊಗೆ. ಅದು ಚದುರಿದಾಗ ಹಿಂದೆ ಯಾರೂ ಇರಲಿಲ್ಲ.

ಅವನು ಕಾರು ನಿಲ್ಲಿಸಿ ಓಡಿ ಬಂದ.

ಗುರುಗಳು ರಸ್ತೆ ಬದಿಯಲ್ಲಿ ಸೊಪ್ಪು ಮಾರುವ ದೇವೀರಮ್ಮನ ಪಕ್ಕ ಕೂತು ಅವಳು ಕೊಟ್ಟ ನೀರು ಕುಡಿಯುತ್ತಿದ್ದರು. ಅವಳ ಸೊಪ್ಪಿನ ಕಂತೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು. ಮೂಗಿಗೆ ಹಿಡಿದ ಸೆರಗನ್ನು ಅವಳು ಆಗಷ್ಟೇ ತೆಗೆಯುತ್ತಿದ್ದಳು.

"ಬಿಸಿಲಿಗೆ ಬಾಡಬಾರದೂಂತ ಬಟ್ಟೆ ಹೊದಿಸಿದ್ದೀಯೇನಮ್ಮ?" ಕೇಳಿದರು ಗುರುಗಳು.

"ಬಿಸಿಲಿಗಲ್ಲ ಬುದ್ಧಿ, ಕಾರಿಗೆ. ಹಿಂಗೆ ಮುಚ್ದೇ ಇದ್ರೆ ಸೊಪ್ಪೆಲ್ಲಾ ಹೊಗೆ ವಾಸ್ನೆ ಹಿಡ್ಕೊಳುತ್ತೆ. ನಿಮ್ ಕಾರು ನಂಗೆ ಕಣ್ ಮುಚ್ಕೊಂಡಿದ್ರೂ ಗೊತ್ತಾಗುತ್ತೆ. ಮೊದ್ಲು ವಾಸ್ನೆ ಬರುತ್ತೆ, ಆಮೇಲೆ ಸದ್ದು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಮಳೆ ಬಿಸಿಲಿನ ಮಾತು ಆಡಿದಂತೆ ಆಡಿದಳು. ಮಾತಿನ ನಡುವೆ ಎರಡು ಸಲ ನಿಂತು ಉಸಿರು ಎಳೆದುಕೊಂಡಳು.

"ಯಾಕಮ್ಮ ಒಂದು ಸಲವೂ ಹೇಳಲಿಲ್ಲ?" ಶಿವಬಸಪ್ಪ ಕೇಳಿದ.

"ಏನಂತ ಹೇಳ್ಲಿ ಸ್ವಾಮಿ? ನನ್ ಸೊಸೇನ ಹೆರಿಗೇಗ್ ಕರ್ಕೊಂಡ್ ಹೋಗಿದ್ದೂ ಅದೇ ಕಾರು."

ಶಿವಬಸಪ್ಪ ಏರಿನಲ್ಲಿ ನಿಂತ ಕಾರಿನ ಕಡೆ ತಿರುಗಿ ನೋಡಿದ. ಹನ್ನೊಂದು ವರ್ಷದಿಂದ ಆ ಕಾರು ಓಡಿಸುತ್ತಿದ್ದ. ಅಷ್ಟೂ ವರ್ಷ ಅವನು ಮುಂದೆ ಕೂತಿದ್ದ, ಹೊಗೆ ಹಿಂದಕ್ಕೆ ಹೋಗಿತ್ತು.

ಅವತ್ತು ಸಂಜೆ ಅವನೇ ಹೇಳಿದ, "ಕೊಟ್ಟುಬಿಡೋಣ ಬುದ್ಧಿ."

ಸುದ್ದಿ ಹರಡಿತು. ಭಕ್ತರು ಹೊಸ ಕಾರಿಗೆಂದು ಕೈಲಾದಷ್ಟು ಕೂಡಿಸಿದರು. ರಿಯಾಯಿತಿ ಸೇರಿದರೆ ಒಂದು ಸಾಧಾರಣ ಕಾರಿಗೆ ಸಾಲುವಷ್ಟಾಯಿತು.

ಪಟ್ಟಣದಿಂದ ಒಬ್ಬ ದಲ್ಲಾಳಿಯೂ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಎತ್ತಿ ನೋಡಿ ಶಿವಬಸಪ್ಪನನ್ನು ಪಕ್ಕಕ್ಕೆ ಕರೆದ.

"ಇಂಥ ಇಂಜಿನ್ ಯಾರಾದರೂ ಗುಜರಿಗೆ ಹಾಕ್ತಾರಾ? ನನಗೆ ಕೊಡಿ. ಸರ್ಕಾರ ಬಿಡೋ ರಿಯಾಯಿತಿಗಿಂತ ಜಾಸ್ತೀನೇ ಕೊಡ್ತೀನಿ. ಘಟ್ಟದ ಆಚೆ ಕಳಿಸ್ತೀನಿ, ಅಲ್ಲಿ ಯಾರೂ ಕೇಳೋರಿಲ್ಲ. ನಿಮ್ಮ ಕಾರೂ ಬದುಕಿಕೊಳ್ಳುತ್ತೆ."

ಶಿವಬಸಪ್ಪನ ಮುಖ ಅರಳಿತು. ಗುರುಗಳ ಬಳಿ ಓಡಿದ.

"ಬುದ್ಧಿ, ಒಂದು ದಾರಿ ಸಿಕ್ಕಿತು! ಕಾರು ಸಾಯಬೇಕಾಗಿಲ್ಲ. ದೇವೀರಮ್ಮನಿಗೂ ಹೊಗೆ ತಪ್ಪುತ್ತದೆ. ಘಟ್ಟದ ಆಚೆ ಹೋಗುತ್ತದಂತೆ."

ಗುರುಗಳು ಕೇಳಿದರು,

"ಘಟ್ಟದ ಆಚೆ ಏರಿನಲ್ಲಿ ಸೊಪ್ಪು ಮಾರುವವಳ ಹೆಸರೇನಂತೆ?"

ಶಿವಬಸಪ್ಪ ವಾಪಸು ಹೋಗಿ ದಲ್ಲಾಳಿಗೆ ಕೈ ಮುಗಿದ.

ಸೋಮವಾರ ಅವನೊಬ್ಬನೇ ಕಾರನ್ನು ಗುಜರಿ ಕೇಂದ್ರಕ್ಕೆ ಓಡಿಸಿಕೊಂಡು ಹೋದ. ದೊಡ್ಡ ತಗಡಿನ ಶೆಡ್ಡು. ಅಲ್ಲಿ ಫಯಾಜ್ ಎಂಬ ಕೆಲಸಗಾರ ಆರ್‌ಸಿ ಪುಸ್ತಕ ನೋಡಿ, ನಂಬರುಗಳನ್ನು ತಾಳೆ ಹಾಕಿ, ಕೀಲಿ ಕೈ ತೆಗೆದುಕೊಂಡ.

"ನೀವಿನ್ನು ಹೊರಡಬಹುದು ಸಾರ್. ಪತ್ರ ಆಫೀಸಲ್ಲಿ ಕೊಡ್ತಾರೆ."

"ನಾನು ನೋಡಬಹುದಾ?"

ಫಯಾಜ್ ಅವನನ್ನು ಒಮ್ಮೆ ದಿಟ್ಟಿಸಿದ. "ಸಾಮಾನ್ಯವಾಗಿ ಯಾರೂ ನೋಡಲ್ಲ. ಫೋಟೋ ತಕ್ಕೊಂಡು ಹೋಗಿಬಿಡ್ತಾರೆ. ಬನ್ನಿ, ಆ ಹಳದಿ ಗೆರೆ ದಾಟಬೇಡಿ."

ಮೊದಲು ಎಣ್ಣೆ ಇಳಿಸಿದರು, ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ. ಬ್ಯಾಟರಿ ತೆಗೆದರು. ಗಾಜು ಒಂದು ಕಡೆ, ಟೈರು ಒಂದು ಕಡೆ. ಶಿವಬಸಪ್ಪ ಒಂದೊಂದಕ್ಕೂ ಕೇಳಿದ, "ಇದು ಎಲ್ಲಿಗೆ ಹೋಗುತ್ತೆ? ಅದು?" ಫಯಾಜ್ ಬೇಸರವಿಲ್ಲದೆ ಹೇಳಿದ. ಕಬ್ಬಿಣ ಕುಲುಮೆಗೆ ಹೋಗಿ ಕಂಬಿಯಾಗುತ್ತದೆ. ತಾಮ್ರದ ತಂತಿಗೆ ಬೇರೆಯವರು ಬರುತ್ತಾರೆ. ಸೀಟಿನ ಸ್ಪಂಜಿಗೆ ಮಾತ್ರ ಕೇಳುವವರಿಲ್ಲ.

ಇಂಜಿನ್ ಇಳಿಸುವಾಗ ಒಂದು ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಫಯಾಜ್ ಸುತ್ತಿಗೆ ಎತ್ತಿದ.

"ಹೊಡೀಬೇಡಿ," ಎಂದ ಶಿವಬಸಪ್ಪ. "ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ."

"ನಿಮಗೆ ಹೇಗೆ ಗೊತ್ತು?"

"ಅದನ್ನು ಕೂಡಿಸಿದವನು ನಾನೇ."

ಫಯಾಜ್ ಸ್ಪ್ಯಾನರನ್ನು ಅವನತ್ತ ಚಾಚಿದ. ಶಿವಬಸಪ್ಪ ಹಳದಿ ಗೆರೆ ದಾಟಿ ಬಂದ. ತನ್ನ ಕೈಯಾರೆ ಬಿಗಿ ಮಾಡಿದ್ದ ನಟ್ಟನ್ನು ತನ್ನ ಕೈಯಾರೆ ಬಿಚ್ಚಿದ. ಅದು ಅಂಗೈಗೆ ಬಿದ್ದಾಗ ಇನ್ನೂ ಬೆಚ್ಚಗಿತ್ತು.

ಕೊನೆಗೆ ದಾಖಲೆಗೆಂದು ಚಾಸಿ ನಂಬರಿನ ತುಂಡು ಕತ್ತರಿಸಿದರು. ಉಳಿದದ್ದನ್ನು ಯಂತ್ರ ಅಮುಕಿತು. ಸೊಂಟದೆತ್ತರದ ಒಂದು ಕಟ್ಟಾಯಿತು.

ಟೀ ಕುಡಿಯುವಾಗ ಶಿವಬಸಪ್ಪ ಕೇಳಿದ, "ಇಷ್ಟೊಂದು ಗಾಡಿ ಬರುತ್ತವಲ್ಲ, ಹೊಗೆಯ ಬಗ್ಗೆ ಜನಕ್ಕೆ ಅಷ್ಟು ಕಾಳಜಿ ಬಂದಿದೆಯಾ?"

ಫಯಾಜ್ ನಕ್ಕ. "ಕಾಳಜಿ ಎಲ್ಲಿಂದ ಸಾರ್! ರಿಯಾಯಿತಿ ಇದೆ, ತರ್ತಾರೆ. ಅದಿಲ್ಲದೆ ಹೋಗಿದ್ರೆ ನೀವು ತರ್ತಿದ್ರಾ?"

ಶಿವಬಸಪ್ಪ ಲೋಟ ಕೆಳಗಿಟ್ಟು ಆಫೀಸಿಗೆ ಹೋಗಿ ಪ್ರಮಾಣಪತ್ರ ತೆಗೆದುಕೊಂಡ. ಬಸ್ಸಿನಲ್ಲಿ ಬರುವಾಗಲೂ ಫಯಾಜನ ಪ್ರಶ್ನೆ ಅವನನ್ನು ಬಿಡಲಿಲ್ಲ.

ಆಶ್ರಮ ತಲುಪಿದವನು ನೇರ ಗುರುಗಳ ಮುಂದೆ ಕೂತ.

"ಬುದ್ಧಿ, ಹೊಗೆಯನ್ನು ನೋಡಿ ಕಾರು ಬಿಟ್ಟೆನೋ, ರಿಯಾಯಿತಿ ನೋಡಿ ಬಿಟ್ಟೆನೋ?"

"ಹೇಗೆ ತಿಳಿಯುವುದು?"

"ಅದನ್ನೇ ತಮ್ಮನ್ನು ಕೇಳುತ್ತಿದ್ದೇನೆ."

"ನಿನಗೆ ಯಾವುದಾಗಿದ್ದರೆ ಸಮಾಧಾನ?"

"ಹೊಗೆ ನೋಡಿ ಬಿಟ್ಟೆ ಎಂದಾದರೆ."

"ಹ್ಞೂಂ."

ಶಿವಬಸಪ್ಪ ಎದ್ದ. ಆಮೇಲೆ ಪ್ರಮಾಣಪತ್ರವನ್ನು ಮಡಿಸಿ, ಹಿಂದಿನ ಗುರುಗಳ ಪಾದುಕೆಯಿದ್ದ ಗೂಡಿನಲ್ಲಿಟ್ಟ.

"ಇದನ್ನು ನಾನು ಬಳಸುವುದಿಲ್ಲ. ಲಾಭಕ್ಕೆ ಬಿಟ್ಟದ್ದು ವ್ಯಾಪಾರ. ನನ್ನದು ವ್ಯಾಪಾರ ಆಗಬಾರದು. ಕಡಿಮೆ ಬೀಳುವುದನ್ನು ಪಟ್ಟಣದ ಗ್ಯಾರೇಜಿನಲ್ಲಿ ದುಡಿದು ತುಂಬುತ್ತೇನೆ."

ಗುರುಗಳು ಅವನನ್ನು ನೋಡಿದರು. "ಆಗಲಿ" ಎಂದರು.

ಶಿವಬಸಪ್ಪ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಗ್ಯಾರೇಜಿಗೆ ಹೋದ, ಸಂಜೆ ಬಂದ. ಮೈ ದಣಿಯುತ್ತಿತ್ತು, ಮನಸ್ಸು ಹಗುರವಾಗಿತ್ತು. ಯಾರಾದರೂ ಆಶ್ರಮಕ್ಕೆ ಬಂದರೆ ಗೂಡಿನ ಕಡೆ ಕೈ ತೋರಿಸಿ ಫಲದ ಆಸೆಯಿಲ್ಲದ ಕರ್ಮದ ಬಗ್ಗೆ ಎರಡು ಮಾತು ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ.

ನಾಲ್ಕನೇ ವಾರ, ಅವನಿಗೆ ರಜೆಯಿದ್ದ ದಿನ, ಹೊಳೆಯಲ್ಲಿ ಹರಿಗೋಲು ಹಾಕುವ ಅಂಕನಾಯಕನನ್ನು ಮಂಚದ ಮೇಲೆ ಮಲಗಿಸಿಕೊಂಡು ನಾಲ್ಕು ಜನ ಆಶ್ರಮಕ್ಕೆ ಹೊತ್ತು ತಂದರು. ದಂಡೆಯ ಬಂಡೆಯಿಂದ ಜಾರಿ ಬಿದ್ದು ಕಾಲು ಮುರಿದಿತ್ತು. ಜೊತೆಯಲ್ಲಿ ಅವನ ಹೆಂಡತಿ ಸಾಕಮ್ಮ.

"ಕಾರು ತೆಗೀರಿ ಸ್ವಾಮಿ, ಬೇಗ!"

"ಕಾರಿಲ್ಲಮ್ಮ. ಗುಜರಿಗೆ ಕೊಟ್ಟೆವು."

"ಅದು ಗೊತ್ತು. ಹೊಸದು ತರ್ತೀರಂತ ನಾವೂ ದುಡ್ಡು ಕೊಟ್ಟಿದ್ವಲ್ಲ. ಅದೆಲ್ಲಿ?"

ಶಿವಬಸಪ್ಪ ಫೋನು ಮಾಡಿದ. ಆಂಬುಲೆನ್ಸ್ ಇನ್ನೊಂದು ಕಡೆಯ ಅಪಘಾತಕ್ಕೆ ಹೋಗಿತ್ತು. ಊರಿನ ಆಟೋ ಸಂತೆಗೆ ಹೋಗಿತ್ತು. ಅಂಕನಾಯಕ ಜಗಲಿಯ ಮೇಲೆ ಹಲ್ಲು ಕಚ್ಚಿ ಮಲಗಿದ್ದ. ನೋವು ತಡೆಯಲಾಗದಾಗ ಒಮ್ಮೊಮ್ಮೆ ಕೂಗುತ್ತಿದ್ದ. ಗುರುಗಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಸಣಿಗೆ ಬೀಸುತ್ತಿದ್ದರು. ಪತ್ರವಿದ್ದ ಗೂಡು ಅಲ್ಲಿಂದ ಮೂರು ಮಾರು ದೂರವಿತ್ತು.

ಎರಡು ಗಂಟೆಯ ಮೇಲೆ ಇಟ್ಟಿಗೆ ಇಳಿಸಿ ವಾಪಸಾಗುತ್ತಿದ್ದ ಒಂದು ಲಾರಿ ಸಿಕ್ಕಿತು. ಹಿಂದೆ ಇಟ್ಟಿಗೆ ಪುಡಿಯ ಮೇಲೆ ಮಂಚ ಇಟ್ಟರು. ಪ್ರತಿ ಗುಂಡಿಗೂ ಅಂಕನಾಯಕನ ಕಾಲು ಅಲುಗದಂತೆ ಶಿವಬಸಪ್ಪ ಎರಡು ಕೈಯಲ್ಲೂ ಹಿಡಿದುಕೊಂಡು ಕೂತ. ಪ್ರತಿ ಗುಂಡಿಗೂ ಅದು ಅಲುಗಿತು.

ಡಾಕ್ಟರು ಪಟ್ಟಿ ಕಟ್ಟಿ ಹೊರಗೆ ಬಂದರು. "ಆರು ತಿಂಗಳಲ್ಲಿ ನಡೀತಾನೆ. ಆದರೆ ಆ ಲಾರಿಯಲ್ಲಿ ತರಬಾರದಿತ್ತು. ಪಾಪ, ಎಷ್ಟು ನರಳಿದನೋ."

ಸಾಕಮ್ಮ ಸೆರಗಿಗೆ ಮೆತ್ತಿದ್ದ ಇಟ್ಟಿಗೆ ಪುಡಿ ಕೊಡವಿಕೊಂಡು ಗಂಡನ ಬಳಿ ಹೋದಳು. ಬೈದಿದ್ದರೆ ಶಿವಬಸಪ್ಪನಿಗೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಸ್ನಾನ ಮಾಡಿ, ಗೂಡಿನಿಂದ ಪತ್ರ ತೆಗೆದುಕೊಂಡು ಜೇಬಿಗಿಟ್ಟ. ಗುರುಗಳಿಗೆ ನಮಸ್ಕರಿಸಿದ.

"ಶೋರೂಮಿಗೆ ಹೋಗಿ ಬರುತ್ತೇನೆ ಬುದ್ಧಿ. ಪತ್ರ ಕೊಟ್ಟು ಇವತ್ತೇ ಕಾರು ಬುಕ್ ಮಾಡುತ್ತೇನೆ."

"ಒಳ್ಳೆಯದು."

ಅವನು ಮೆಟ್ಟಿಲಿಳಿದ. ಬಾಗಿಲ ತನಕ ಹೋಗಿ ನಿಂತ. ತಿರುಗಿ ಬಂದ.

"ಒಂದು ಮಾತು ಕೇಳಲೇ?"

"ಕೇಳು."

"ತಪ್ಪು ಮಾಡಿದೆ, ಒಪ್ಪುತ್ತೇನೆ. ಆದರೂ ತಿಳಿಯುವ ಆಸೆ. ಅಷ್ಟು ದಿನ ನಾನು ಆ ಪತ್ರ ಮುಟ್ಟಲಿಲ್ಲ. ಲಾಭ ಬಯಸಲಿಲ್ಲ. ಆ ದಿನಗಳ ಮಟ್ಟಿಗಾದರೂ ನನ್ನ ತ್ಯಾಗ ಶುದ್ಧವಾಗಿತ್ತಲ್ಲವೇ ಬುದ್ಧಿ?"

"ಬಹಳ ಶುದ್ಧವಾಗಿತ್ತು ಶಿವಬಸಪ್ಪ," ಎಂದರು ಗುರುಗಳು. "ಅದರಲ್ಲಿ ಕೂತು ಯಾರಿಗೂ ಆಸ್ಪತ್ರೆಗೆ ಹೋಗಲಾಗಲಿಲ್ಲ, ಅಷ್ಟೇ."