ನಿಲ್ಲಲು ಬಾರದ ಹಿರಿಗರಿ

ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಜಾಗ ಹುಡುಕುತ್ತಿದ್ದ ಕಾಲ. ಆಗ ಹಿರಿಗರಿ ಎಂಬ ಹಕ್ಕಿ ಇದ್ದಳು. ಅವಳಷ್ಟು ದೊಡ್ಡ ಹಕ್ಕಿ ಆಗಲೂ ಬೇರೆ ಇರಲಿಲ್ಲ, ಈಗಲೂ ಇಲ್ಲ.

ಅವಳು ಹುಟ್ಟಿದ್ದು ಹೊಳೆಯ ನಡುವಿನ ಮರಳುದಿಬ್ಬದಲ್ಲಿ. ಗೂಡು ಕಟ್ಟಿದ್ದು ಏಳು ಬಯಲಿನಾಚೆ, ಕಡಲ ತೀರದಲ್ಲಿ. ವರ್ಷಕ್ಕೊಮ್ಮೆ ಗಾಳಿಮಾವ ತವರಿನ ಕಡೆ ಬೀಸುತ್ತಿದ್ದ. ಹಿರಿಗರಿ ಅವನ ಬೆನ್ನೇರಿ, ಉಸಿರನ್ನು ಹಿಂದಕ್ಕೆ ದಬ್ಬುತ್ತಾ ದಬ್ಬುತ್ತಾ ಹಾರಿ ಬರುತ್ತಿದ್ದಳು.

ಬರುತ್ತಿದ್ದಳು, ಆದರೆ ನಿಲ್ಲಲು ಆಗುತ್ತಿರಲಿಲ್ಲ. ಕಾಲು ಮರಳಿಗೆ ತಾಗಿದರೂ ಮೈ ಮುಂದಕ್ಕೇ ಓಡುತ್ತಿತ್ತು. ಬೆರಳು ಊರಿದರೆ ಉಗುರು ಗೀರುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ದಿಬ್ಬ ಮುಗಿದುಹೋಗುತ್ತಿತ್ತು. ಗಾಳಿಮಾವ ಮತ್ತೆ ಎತ್ತಿಕೊಂಡು ಹೋಗಿಬಿಡುತ್ತಿದ್ದ.

ದಿಬ್ಬದ ಮೇಲೆ ಅವ್ವ ಕಾಯುತ್ತಿದ್ದಳು. ಮಗಳು ಸರ್ರನೆ ಹಾದುಹೋಗುವಷ್ಟರಲ್ಲಿ ಒಂದೇ ಮಾತಿಗೆ ಪುರುಸೊತ್ತು.

ಒಂದು ವರ್ಷ ಅವ್ವ ಕೇಳಿದಳು, “ಊಟ ಆಯ್ತೇನೇ?”

ಮರುವರ್ಷ ಹಿರಿಗರಿ ಹೇಳಿದಳು, “ಆಯ್ತವ್ವಾ!”

ಅದರ ಮರುವರ್ಷ ಅವ್ವ, “ಯಾವ ಮೀನು?”

ಹೀಗೆ ಮಾತು ಮೀನಿನವರೆಗೆ ಬರುವಷ್ಟರಲ್ಲಿ ಅವ್ವನ ಗರಿ ಬೆಳ್ಳಗಾಗಿತ್ತು. ಇನ್ನೊಂದು ವರ್ಷ ಅವಳು ಕೂಗಿದಳು, “ಕಣ್ಣು ಮಂಜಾಗ್ತಿದೆ ಮಗಳೇ, ಬರೋ ವರ್ಷದವರೆಗೆ ತಡೆದರೆ ಹೆಚ್ಚು!”

ವಾಪಸು ದಾರಿಯುದ್ದಕ್ಕೂ ಹಿರಿಗರಿ ಅತ್ತಳು. “ಮಾವಾ, ನನ್ನನ್ನು ಯಾಕೆ ಇಳಿಸೋದಿಲ್ಲ ನೀನು?”

“ಇಳಿಸು ಅಂತ ನೀನು ಯಾವಾಗ ಹೇಳಿದೆ?” ಗಾಳಿಮಾವನಿಗೆ ಆಶ್ಚರ್ಯ. “ನೆಲಕ್ಕೆ ಬಂದಮೇಲೂ ರೆಕ್ಕೆ ನುಣ್ಣಗೆ ಹರಡಿಕೊಂಡಿರ್ತೀಯ. ನಾನು ಹೊರ್ತಾನೇ ಇರ್ತೀನಿ. ನಿನ್ನ ಭಾರ ನನ್ನ ಮೇಲಿದ್ದರೆ ಕಾಲಿಗೆ ಹಿಡಿತ ಎಲ್ಲಿಂದ ಬರಬೇಕು, ಹುಚ್ಚಿ?”

“ಹೊತ್ತು ತಂದವರ ಎದುರು ಗರಿ ಕೆದರಬಾರದು ಅಲ್ವಾ? ನಮ್ಮ ದಿಬ್ಬದಲ್ಲಿ ಅದು ಮರ್ಯಾದೆ.”

“ಸುಡ್ಲಿ ನಿನ್ನ ಮರ್ಯಾದೆ!” ಗಾಳಿಮಾವ ನಕ್ಕುಬಿಟ್ಟ. “ಕಾಲು ತಾಗಿದ ಕೂಡಲೇ ರೆಕ್ಕೆ ಮೇಲಿನ ಗರಿ ನಿಗುರಿಸು, ನಾನು ಜಾರಿಕೊಳ್ತೀನಿ. ಹಿಂದಕ್ಕೆ ದಬ್ಬೋ ಉಸಿರನ್ನ ಮುಂದಕ್ಕೆ ಬಿಡು. ಆಮೇಲೆ ಬೆರಳು ಊರು.”

ಮರುವರ್ಷ ಕಾಲು ಮರಳಿಗೆ ತಾಗಿತು. ಹಿರಿಗರಿ ನಾಚಿಕೆ ಬಿಟ್ಟು ಗರಿ ನಿಗುರಿಸಿದಳು. ಗಾಳಿಮಾವ ಜಾರಿಕೊಂಡ. ಮೈಯ ಭಾರವೆಲ್ಲ ಕಾಲಿಗೆ ಇಳಿಯಿತು. ಇಷ್ಟು ವರ್ಷ ಎದೆಯಲ್ಲೇ ಉಳಿದದ್ದನ್ನು ಒಂದೇ ಉಸಿರಿಗೆ ಮುಂದಕ್ಕೆ ಬಿಟ್ಟಳು: “ಅವ್ವಾ!”

ಮರಳು ಎದ್ದಿತು. ಹೊಳೆ ನಡುಗಿತು. ಬೆರಳುಗಳು ನೆಲವನ್ನು ಕಚ್ಚಿ ಹಿಡಿದವು. ಓಟ ನಿಧಾನವಾಯಿತು, ಇನ್ನೂ ನಿಧಾನವಾಯಿತು, ದಿಬ್ಬದ ತುದಿಯಲ್ಲಿ ನಿಂತೇಬಿಟ್ಟಿತು.

ಅವ್ವ ಕುಂಟುತ್ತ ಬಂದಳು. “ಹಾಗೆ ಕಿರುಚ್ತಾರೇನೇ? ಇಲ್ಲೇ ಇದ್ದೀನಲ್ಲ,” ಎಂದಳು. ಆಮೇಲೆ ಮಗಳ ಮುಖವನ್ನು ಹತ್ತಿರದಿಂದ, ಬಹಳ ಹೊತ್ತು ನೋಡಿದಳು.

ಆ ವಿದ್ಯೆಯನ್ನು ಗಾಳಿಮಾವ ಮರೆಯಲಿಲ್ಲ. ತನ್ನ ಬೆನ್ನೇರಿದ ವಿಮಾನಗಳಿಗೂ ಕಲಿಸಿದ. ಅದಕ್ಕೇ ಮಗೂ, ದೊಡ್ಡ ವಿಮಾನ ನೆಲ ಮುಟ್ಟಿದ ಕೂಡಲೇ ರೆಕ್ಕೆಯ ಮೇಲಿನ ಹಲಗೆಗಳು ಎದ್ದು ನಿಲ್ಲುತ್ತವೆ, ಚಕ್ರಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಎಂಜಿನ್ನು ಉಸಿರನ್ನು ಮುಂದಕ್ಕೆ ತಿರುಗಿಸಿ, ದೂರದಿಂದ ಬಂದ ಮಗಳ ಹಾಗೆ, ಊರಿಗೆಲ್ಲ ಕೇಳುವಂತೆ ಕೂಗುತ್ತದೆ.