ಎಲೆಗೆ ತೂತು ಕೊರೆದ ಜೀರುಂಡೆ

ಅಡವಯ್ಯ ಗುರುಗಳ ಆಶ್ರಮದಲ್ಲಿ ಪುಟ್ಟಲಿಂಗ ಅಂತ ಒಬ್ಬ ಶಿಷ್ಯ. ಆಳು ಗಿಡ್ಡ, ದನಿ ತೀರಾ ಸಣ್ಣದು. ಊಟಕ್ಕೆ ಬನ್ನಿ ಎಂದು ಅವನು ಕೂಗಿದ ದಿನ ಅನ್ನ ಆರಿ ಹೋಗುತ್ತಿತ್ತು, ಆಶ್ರಮವೆಲ್ಲ ಹಸಿದು ಕೂತಿರುತ್ತಿತ್ತು.

ಒಂದು ಸಂಜೆ ಬಂದು ಗುರುಗಳ ಕಾಲಿಗೆ ಬಿದ್ದ.

"ಗುರುಗಳೇ, ಹೊಳೆಯಾಚೆ ಕಲ್ಲಂಗಡಿ ಬೆಳೆಯೋರ ಮನೆ ಸಾವಂತ್ರಿ ಮೇಲೆ ನನಗೆ ಮನಸ್ಸಾಗಿದೆ. ನಾಳೆ ಅವಳನ್ನ ನೋಡೋಕೆ ಬೇರೆ ಊರಿನ ಗಂಡು ಬರ್ತಿದೆಯಂತೆ."

"ಅವಳಿಗೆ ಹೇಳಿದ್ದೀಯೇನೋ?"

"ದಿನಾ ಈ ದಡದಲ್ಲಿ ನಿಂತು ಕೂಗ್ತೀನಿ. ತಿರುಗಿ ಕೂಡ ನೋಡಲ್ಲ. ನಮ್ಮ ಆಶ್ರಮದ ದಪ್ಪ ಭರಮಣ್ಣ ಒಂದು ಸಲ ಕೆಮ್ಮಿದರೆ ಆಚೆ ದಡದೋರೆಲ್ಲ ಎದ್ದು ನಿಲ್ತಾರೆ!"

"ಹೊಳೆ ದಾಟಿ ಹೋಗಿ ಹೇಳಬಾರದಾ?"

"ಹತ್ತಿರ ಹೋದರೆ ನಾಲಿಗೇನೇ ಏಳಲ್ಲ, ಗುರುಗಳೇ."

ಗುರುಗಳು ಅವನ ಕೈ ಹಿಡಿದು ಪೊದೆಯ ಹತ್ತಿರ ಕರೆದೊಯ್ದರು. ಜೀರುಂಡೆಗಳ ಸದ್ದು ಶುರುವಾಗಿತ್ತು.

"ಇವೆಲ್ಲ ಹೆಣ್ಣನ್ನ ಕರೀತಿರೋ ಗಂಡುಗಳು. ನೋಡು."

ಎಲೆಯಂಚಿನಲ್ಲಿ ದಪ್ಪನೆಯದೊಂದು ಕೂತು ಜೋರಾಗಿ ರೆಕ್ಕೆ ಉಜ್ಜುತ್ತಿತ್ತು.

"ಭರಮಣ್ಣ!" ಎಂದ ಪುಟ್ಟಲಿಂಗ.

ಅದರ ಪಕ್ಕದಲ್ಲೇ ಇನ್ನೊಂದು ತುಟಿಪಿಟಕ್ಕೆನ್ನದೆ ಕೂತಿತ್ತು.

"ಇದ್ಯಾಕೆ ಸುಮ್ಮನಿದೆ?"

"ಅದು ಕರೆದರೆ ಬರ್ತಾಳಲ್ಲ, ಅವಳನ್ನ ಇದು ದಾರೀಲೇ ಹಾರಿಸಿಕೊಂಡು ಹೋಗೋಣ ಅಂತ."

"ಥೂ, ಕಳ್ಳ!" ಎಂದ ಪುಟ್ಟಲಿಂಗ. ಆದರೂ ಅದನ್ನೇ ತುಸು ಹೊತ್ತು ನೋಡಿದ.

ಮೂರನೆಯದು ಬಲು ಸಣ್ಣದು. ಎಲೆಯ ನಡುವೆ ತೂತು ಕೊರೆದು, ಅದರಲ್ಲಿ ತಲೆ ತೂರಿಸಿ, ರೆಕ್ಕೆಯನ್ನು ಎಲೆಗೆ ಆನಿಸಿ ಉಜ್ಜುತ್ತಿತ್ತು. ಎಲೆಯ ದೆಸೆಯಿಂದ ಅದರ ದನಿಯೂ ದಪ್ಪನೆಯದಕ್ಕೆ ಸರಿಸಮ ಕೇಳುತ್ತಿತ್ತು.

"ಗೊತ್ತಾಯ್ತು ಗುರುಗಳೇ!"

"ಏನು ಗೊತ್ತಾಯ್ತೋ?" ಅನ್ನುವಷ್ಟರಲ್ಲಿ ಆಸಾಮಿ ಮಾಯ.

ಭಜನೆಯ ಮೈಕು ಹೊಳೆ ದಡಕ್ಕೆ ಹೊತ್ತು ತಂದ. ಧ್ವನಿವರ್ಧಕವನ್ನು ಆಚೆ ದಡಕ್ಕೆ ತಿರುಗಿಸಿದ. "ಸಾವಂತ್ರೀ..." ಅಂತ ತಾನೇ ಕಟ್ಟಿದ ಪದ ಎತ್ತಿದ. ಅಬ್ಬಬ್ಬಾ, ಏನು ಗದ್ದಲ! ನಾಯಿಗಳು ಊಳಿಟ್ಟವು. ಪ್ರಸಾದ ಹಂಚುತ್ತಿದ್ದಾರೆಂದು ಮುದುಕರು ತಟ್ಟೆ ಹಿಡಿದು ಬಂದರು.

ಸಾವಂತ್ರಿಯೂ ಬಂದಳು. ಸೀರೆ ಮೊಣಕಾಲಿಗೆ ಎತ್ತಿಕೊಂಡು ಹೊಳೆ ದಾಟಿದಳು. ಪುಟ್ಟಲಿಂಗನ ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಅವಳನ್ನು ಕಂಡದ್ದೇ ತಡ, ಪುಟ್ಟಲಿಂಗ ಗಟ್ಟಿಯಾಗಿ ಕಣ್ಣು ಮುಚ್ಚಿದ. ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದು ಎರಡನೆಯ ನುಡಿ ಶುರು ಮಾಡಿದ.

"ಸ್ವಾಮೇರೇ, ಇವನು ಏನಾದ್ರೂ ಕೇಳ್ತಾನೋ, ನಾನು ಹೋಗ್ಲೋ?" ಅಂದಳು ಸಾವಂತ್ರಿ, ಗದ್ದಲ ಕೇಳಿ ಬಂದಿದ್ದ ಗುರುಗಳತ್ತ ತಿರುಗಿ. "ಹೊಲದಲ್ಲಿ ಯಾರೂ ಇಲ್ಲ, ನರಿ ಬಂದು ಕಾಯೆಲ್ಲ ಕಚ್ಚಿ ಹಾಕ್ತವೆ."

ಗುರುಗಳು ಹೋಗಿ ಮೈಕಿನ ತಂತಿ ಕಿತ್ತರು.

ದಡವೆಲ್ಲ ಗಪ್‌ಚಿಪ್. ಪುಟ್ಟಲಿಂಗನ ಸ್ವಂತ ದನಿ ಒಂದೇ ಕೀಚು ಕೀಚು ಅಂತ ಉಳಿಯಿತು. ಸಾವಂತ್ರಿ ಕಿಸಕ್ಕನೆ ನಕ್ಕಳು. ಆದರೆ ಹೋಗಲಿಲ್ಲ.

ಪುಟ್ಟಲಿಂಗ ಕಣ್ಣು ಬಿಟ್ಟ.

"ಅಯ್ಯೋ ಗುರುಗಳೇ, ತಂತಿ ಯಾಕೆ ಕಿತ್ತಿರಿ? ಪದ ಇನ್ನೂ ಅರ್ಧಕ್ಕರ್ಧ ಬಾಕಿ ಇತ್ತಲ್ಲ!"

ಗುರುಗಳು ತಂತಿ ಸುತ್ತುತ್ತಾ ಅಂದರು:

"ಬಂದು ಎದುರಿಗೇ ನಿಂತಿದ್ದಾಳಲ್ಲೋ. ಇನ್ನೂ ಯಾರನ್ನ ಕರೀತಿದ್ದೀಯ?"