ಮೀನು ವ್ಯಾಪಾರಿಯ ಐಸು

"ಗುರುಗಳೇ, ನಾನು ಚೆನ್ನಾಗಿ ಬಲ್ಲ ಕೆಲಸದಲ್ಲೂ ಇನ್ನೊಬ್ಬರ ಮಾತು ಕೇಳಬೇಕೇ?" ಎಂದು ಶಿಷ್ಯ ಕೇಳಿದ. ಅವನು ಆಶ್ರಮದ ಅಡುಗೆಯವನು. ಮೈ ಊದಿಕೊಂಡು ಮಲಗಿದ್ದ ಯಾತ್ರಿಕನೊಬ್ಬನಿಗೆ ಉಪ್ಪಿಲ್ಲದ ಗಂಜಿ ಮಾಡಲು ಹೇಳಿದ್ದರು. ಉಪ್ಪಿಲ್ಲದೆ ಅಡುಗೆ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಹಾಕಿಯೇ ಮಾಡಿದ್ದ.

ಗುರುಗಳು ಹೇಳಿದರು:

ಕಡಲ ದಂಡೆಯಲ್ಲಿ ಒಬ್ಬ ಮೀನು ವ್ಯಾಪಾರಿ ಇದ್ದ. ಐಸಿನ ವಿಷಯದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಕಳಿಸಿದ ಅಂಜಲ್ ಮೀನು ಎಷ್ಟು ದೂರ ಹೋದರೂ ಕಣ್ಣು ಮಂಕಾಗುತ್ತಿರಲಿಲ್ಲ.

ಎಲ್ಲ ದಿನಗಳಂಥದೇ ಒಂದು ದಿನ, ಅವನು ಮೀನು ತೂಗುತ್ತಿದ್ದಾಗ ಆಸ್ಪತ್ರೆಯಿಂದ ಕರೆ ಬಂತು. ತಂಗಿಗೆ ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕು, ರಕ್ತ ಬೇಕು. ಅವಳಿಗೆ ಹೊಂದುವ ರಕ್ತ ಪಕ್ಕದ ಪಟ್ಟಣದ ರಕ್ತನಿಧಿಯಲ್ಲಿತ್ತು. ಯಾರೋ ದಾನ ಕೊಟ್ಟದ್ದು. ವ್ಯಾಪಾರಿ ಚಾಲಕನನ್ನು ಕರೆದುಕೊಂಡು ತನ್ನ ಮೀನಿನ ವ್ಯಾನಿನಲ್ಲೇ ಹೊರಟ.

ರಕ್ತನಿಧಿಯವರು ರಕ್ತದ ಚೀಲಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ ಕೊಟ್ಟರು. "ಬೇಕಾದಷ್ಟು ತಂಪು ಒಳಗಿದೆ. ದಾರಿಯಲ್ಲಿ ತೆರೆಯಬೇಡಿ" ಎಂದರು.

ವ್ಯಾಪಾರಿ ನಕ್ಕ. ದಾರಿಯಲ್ಲಿ ಮುಚ್ಚಳ ಎತ್ತಿ ಬೆರಳಿಟ್ಟು ನೋಡಿದ. "ಇದೂ ಒಂದು ತಂಪೇ? ಇದರಲ್ಲಿ ಬೂತಾಯಿ ಮೀನು ಕೂಡ ಕೆಡದೆ ಊರು ಮುಟ್ಟುವುದಿಲ್ಲ" ಎಂದ. ಐಸ್ ಫ್ಯಾಕ್ಟರಿಯ ಮುಂದೆ ವ್ಯಾನ್ ನಿಲ್ಲಿಸಲು ಹೇಳಿದ. ಇನ್ನಷ್ಟು ತಂಪಾಗಲೆಂದು ಪುಡಿ ಐಸಿಗೆ ಉಪ್ಪು ಬೆರೆಸಿ, ರಕ್ತದ ಚೀಲಗಳನ್ನು ಅದರ ನಡುವೆ ಹೂತಿಟ್ಟ. ಅಂಜಲ್ ಮೀನಿಗೂ ಅಷ್ಟು ಅಕ್ಕರೆಯಿಂದ ಹಾಸಿಗೆ ಹಾಸಿದವನಲ್ಲ.

ಆಸ್ಪತ್ರೆಯಲ್ಲಿ ವೈದ್ಯೆ ಒಂದು ಚೀಲ ಎತ್ತಿದರು. ಮೇಜಿನ ಮೇಲಿಟ್ಟಾಗ ಅದು ಕಲ್ಲಿನಂತೆ ಟಕ್ ಎಂದಿತು.

"ಇದನ್ನು ಕೊಡುವಂತಿಲ್ಲ. ಐಸಿನಂತೆ ಗಟ್ಟಿಯಾಗಿ ರಕ್ತದ ಕಣಗಳೆಲ್ಲ ಒಡೆದಿವೆ."

"ಕರಗಲಿ ಬಿಡಿ ಅಮ್ಮಾ, ಸರಿಹೋಗುತ್ತದೆ. ನನ್ನ ಮೀನು ಕರಗಿದ ಮೇಲೆ ಸಾರು ಕೆಟ್ಟಿದೆ ಎಂದವರು ಇನ್ನೂ ಹುಟ್ಟಿಲ್ಲ."

"ನಿಮ್ಮ ಮೀನು ಸತ್ತ ಮೇಲೆ ಐಸಿಗೆ ಬರುತ್ತದೆ, ಅಣ್ಣ. ಇದು ಜೀವಂತವಾಗಿ ಬಂದಿತ್ತು."

ಒಳಗೆ ತಂಗಿ ನರಳುತ್ತಿದ್ದಳು. ಆಸ್ಪತ್ರೆಯವರು ಪಟ್ಟಣದ ರಕ್ತನಿಧಿಗೆ ಮತ್ತೆ ಫೋನ್ ಮಾಡಿದರು. ಹೊಂದುವ ರಕ್ತ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ತರಲು ಆ ಹೊತ್ತಿಗೆ ಬೇರೆ ವಾಹನ ಸಿಗಲಿಲ್ಲ. ಅದೇ ವ್ಯಾನ್ ಮತ್ತೆ ಹೋಯಿತು. ಅವನೂ ಹೋದ.

ಬರುವಾಗ ಪೆಟ್ಟಿಗೆ ಅವನ ಪಾದಗಳ ನಡುವೆ ಇತ್ತು. ಚಾಲಕ ಕೇಳಿದ: "ಧಣಿ, ಐಸ್ ಫ್ಯಾಕ್ಟರಿ ಬಂತು. ನಿಲ್ಲಿಸಲೇ?"

ವ್ಯಾಪಾರಿ ರಸ್ತೆಯನ್ನೇ ನೋಡುತ್ತಾ "ಬೇಡ, ನಡೆ" ಎಂದ. ಅಂದು ಸಂಜೆ ತಂಗಿಗೆ ರಕ್ತ ಏರಿಸಿದರು. ಅವಳು ಬದುಕಿದಳು.

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು.

ಶಿಷ್ಯ ನಗುತ್ತಿದ್ದ. "ಅಂಥವನು ಎರಡನೆಯ ಸಲ ಪೆಟ್ಟಿಗೆ ತೆರೆಯದೆ ಹೇಗೆ ಬಂದ, ಗುರುಗಳೇ?"

"ದಾರಿಯುದ್ದಕ್ಕೂ ತನ್ನ ಎರಡೂ ಕೈಗಳ ಮೇಲೆ ಕುಳಿತಿದ್ದ."

ಶಿಷ್ಯನ ನಗು ನಿಂತಿತು. ಅವನು ಎದ್ದು ಅಡುಗೆಮನೆಗೆ ಹೋಗಿ, ಹೊಸದಾಗಿ ಗಂಜಿಗೆ ನೀರಿಟ್ಟ.